ತಟ್ಟೆಯ ಸದ್ದು

ಸಮುದ್ರದ ದಂಡೆಯ ಒಂದು ರಾಜಧಾನಿಯಲ್ಲಿ ವಿಚಿತ್ರ ಪದ್ಧತಿಯಿತ್ತು. ಈರುಳ್ಳಿ ತುಟ್ಟಿಯಾದ ದಿನ ಹೆಂಗಸರು ಮನೆಯ ಮುಂದೆ ನಿಂತು ಸೌಟಿನಿಂದ ತಟ್ಟೆ ಬಡಿಯುತ್ತಿದ್ದರು. ಆ ಸದ್ದು ಕೇಳಿಸಿಕೊಳ್ಳುವುದಕ್ಕೆಂದೇ ಅರಮನೆಯಲ್ಲಿ ಒಬ್ಬ ಅಧಿಕಾರಿಯಿದ್ದ. ಸದ್ದು ಕಿವಿಗೆ ಬಿದ್ದ ಕೂಡಲೇ ಅವನು ಬಂದರಿನ ಬಾಗಿಲು ಹಾಕಿಸುತ್ತಿದ್ದ. ಹಡಗು ಹತ್ತಬೇಕಾದ ಈರುಳ್ಳಿಯೆಲ್ಲ ಪೇಟೆಗೆ ವಾಪಸು ಬಂದು ರಾಶಿ ಬೀಳುತ್ತಿತ್ತು, ಬೆಲೆ ನೆಲ ಕಚ್ಚುತ್ತಿತ್ತು. ನಮ್ಮ ರಾಜನಿಗಿರುವಂಥ ಕಿವಿ ಇನ್ನಾವ ರಾಜನಿಗೂ ಇಲ್ಲ ಎಂದು ಪೇಟೆಯವರು ಹೊಗಳುತ್ತಿದ್ದರು.

ಈರುಳ್ಳಿ ಬೆಳೆಯುವ ಊರುಗಳು ಮೂರು ದಿನದ ದಾರಿ. ಅಲ್ಲಿ ಯಾರು ಏನು ಬಡಿದರೂ ಅರಮನೆಗೆ ಕೇಳಿಸುವ ಹಾಗಿರಲಿಲ್ಲ. ಬಾಗಿಲು ಹಾಕಿದ ಮರುವರ್ಷ ಒಂದಷ್ಟು ಜನ ಬಿತ್ತನೆ ಬಿಡುತ್ತಿದ್ದರು. ಮಾಲು ಕಡಿಮೆಯಾಗಿ ಬೆಲೆ ಏರುತ್ತಿತ್ತು. ಮತ್ತೆ ತಟ್ಟೆ, ಮತ್ತೆ ಬಾಗಿಲು. ಇದರಿಂದ ಬೇಸತ್ತ ಹಡಗಿನ ವ್ಯಾಪಾರಿಗಳು ಬೇರೆ ದೇಶದ ಈರುಳ್ಳಿ ಹುಡುಕಿಕೊಂಡರು.

ಅಂಥ ಒಂದು ವರ್ಷ ಬಾಳವ್ವ ಎಂಬ ರೈತ ಹೆಂಗಸು ಗಾಡಿ ತುಂಬ ಈರುಳ್ಳಿ ಹೇರಿಕೊಂಡು ಬಂದಳು. ಮನೆಯ ಅಟ್ಟದಲ್ಲಿ ಬೀಜಕ್ಕೆಂದು ಆರಿಸಿಟ್ಟ ಒಂದು ಬುಟ್ಟಿ ಗಡ್ಡೆಯಿತ್ತು, ಅತ್ತೆಯ ಕಾಲದಿಂದ ಕಾಪಾಡಿಕೊಂಡು ಬಂದ ತಳಿ. ಗಾಡಿಯದು ಒಳ್ಳೆಯ ಬೆಲೆಗೆ ಹೋದರೆ ಉಳುಮೆಯ ಖರ್ಚು ಹುಟ್ಟಿ ಬುಟ್ಟಿಯದು ಮಣ್ಣಿಗೆ ಬೀಳುತ್ತದೆ. ಇಲ್ಲದಿದ್ದರೆ ಅದೂ ಗಡಿಗೆಗೆ. ಬಂದು ನೋಡಿದರೆ ಬಂದರಿನ ಬಾಗಿಲು ಹಾಕಿತ್ತು.

"ಒಂದ ದಿನ ತಗೀರಿ ಯಪ್ಪಾ, ನನ್ನ ಬೀಜ ಉಳೀತಾವು," ಎಂದು ಕಾವಲುಗಾರನನ್ನು ಬೇಡಿದಳು.

"ತಟ್ಟೆ ಸದ್ದು ಕೇಳದೆ ಇಲ್ಲಿ ಏನೂ ನಡೆಯಲ್ಲಮ್ಮ," ಎಂದ ಅವನು.

ಬಾಗಿಲಿನ ಎದುರುಮನೆಯ ಅಂಬುಜಮ್ಮನಿಗೆ ಕನಿಕರ ಬಂತು. ಹೋದ ವಾರ ತಟ್ಟೆ ಬಡಿದವರಲ್ಲಿ ಅವಳೂ ಒಬ್ಬಳು. ಕೆಟ್ಟವಳಲ್ಲ, ಮನೆಯಲ್ಲಿ ಉಣ್ಣುವ ಬಾಯಿ ಎಂಟು. "ತಗೊಳ್ಳಿ, ಇದರ ಸದ್ದು ಅವರಿಗೆ ಚೆನ್ನಾಗಿ ಗೊತ್ತು," ಎಂದು ತನ್ನ ತಟ್ಟೆ, ಸೌಟು ಕೊಟ್ಟಳು.

ಬಾಳವ್ವ ಅರಮನೆಯ ಮುಂದೆ ನಿಂತು ಮಧ್ಯಾಹ್ನದವರೆಗೆ ಬಡಿದಳು. "ಬೆಲಿ ಬಿದ್ದೈತ್ರೀ! ಬಾಗಲಾ ತಗೀರಿ!" ಎಂದು ಗಂಟಲು ಹರಿಯುವಂತೆ ಕೂಗಿದಳು. ಆ ಗದ್ದಲದಲ್ಲಿ ಅವಳ ಮಾತು ಅವಳಿಗೇ ಕೇಳಿಸಲಿಲ್ಲ. ಮೇಲೆ ಉಪ್ಪರಿಗೆಯಿಂದ ಅವಳನ್ನು ನೋಡಿ ಅಧಿಕಾರಿ ಕಿವಿ ನಿಮಿರಿಸಿದ.

"ಪಾಪ, ಇಷ್ಟು ಇಳಿಸಿದರೂ ಜನಕ್ಕೆ ಇನ್ನೂ ತುಟ್ಟಿಯಂತೆ," ಎಂದು ಮರುಗಿ ಹೊಸ ಅಪ್ಪಣೆ ಬರೆದ.

ಮೂರನೆಯ ದಿನ ಬಾಗಿಲು ತೆರೆಯಿತು. ಬಾಳವ್ವ ಕಣ್ಣೊರೆಸಿಕೊಂಡು ಗಾಡಿ ಹೊಡೆದಳು. ಎದುರಿಗೆ ಹೊಸ ಅಪ್ಪಣೆಯ ಮೇರೆಗೆ ಹಡಗೊಂದು ಒಳಗೆ ಬರುತ್ತಿತ್ತು, ಪರದೇಶದ ಈರುಳ್ಳಿ ತುಂಬಿಕೊಂಡು. ತಂದವರು ಅದೇ ಹಳೆಯ ವ್ಯಾಪಾರಿಗಳು. ಅವಳ ಮಾಲನ್ನು ಆವತ್ತು ಬೀದಿಯ ದನಗಳು ತಿಂದವು. ಊರಿಗೆ ಹೋಗಿ ಅಟ್ಟದ ಬುಟ್ಟಿ ಇಳಿಸಿದಳು, ದಿನಕ್ಕೆ ಎರಡರಂತೆ ಹೆಚ್ಚಿ ಸಾರಿಗೆ ಹಾಕಿದಳು. ಕಥೆ ಹೇಳುವ ನನಗೂ ಇಲ್ಲಿ ಹೊಟ್ಟೆ ಉರಿಯುತ್ತದೆ.

ಮರುವರ್ಷ ನಾಡಿನಲ್ಲಿ ಯಾರೂ ಈರುಳ್ಳಿ ಹಾಕಲಿಲ್ಲ. ಹಾಕೋಣವೆಂದರೆ ಬೀಜವೂ ಇರಲಿಲ್ಲ. ಹಡಗಿನವರಿಗೆ ಅದು ತಿಳಿಯಿತು, ಅವರು ಹೇಳಿದ್ದೇ ಬೆಲೆಯಾಯಿತು. ಬೀದಿ ಬೀದಿಯಲ್ಲಿ ತಟ್ಟೆಗಳು ಶುರುವಾದವು. ಬಾಳವ್ವ ಆಗ ಹೊಲ ಬಿಟ್ಟು ಬಂದು ಅಂಬುಜಮ್ಮನ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ರೊಟ್ಟಿಯ ಜೊತೆ ಕಚ್ಚಲು ಒಂದು ಗಡ್ಡೆ ಸಿಗದೆ ಎರಡು ತಿಂಗಳಾಗಿತ್ತು. ತೊಳೆಯುತ್ತಿದ್ದ ತಟ್ಟೆಯನ್ನೇ ಹಿಡಿದು ಹೊರಗೆ ಬಂದು ಎಲ್ಲರಿಗಿಂತ ಜೋರಾಗಿ ಬಡಿದಳು.

ಅಧಿಕಾರಿ ಉಪ್ಪರಿಗೆಯಿಂದ ಬಗ್ಗಿ ನೋಡಿ ಅವಳ ಗುರುತು ಹಿಡಿದ.

"ಹೋದ ವರ್ಷದವಳೇ," ಎಂದ. "ತುಟ್ಟಿ ಅಂತಿದ್ದಾಳೆ."

ಬಾಳವ್ವನ ತಟ್ಟೆ ಹೇಳಿದ್ದು ಅರಮನೆಗೆ ತಪ್ಪಿಲ್ಲದೆ ಅರ್ಥವಾದದ್ದು ಆವತ್ತೇ ಮೊದಲು.