ಗುರುಬಾಯಿಯ ಕೊಂಡಿಗೆ ಬಿದ್ದ ಬೆಳಕು

ನಾನು ಫೋಟೊ ಸ್ಟುಡಿಯೋದ ಒಂದು ಫ್ಲ್ಯಾಶ್ ದೀಪ. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ, ಕಣ್ಣು ಬಿಟ್ಟಿದ್ದು ಹುಬ್ಬಳ್ಳಿಯ ಕ್ಯಾಮೆರಾ ಅಂಗಡಿಯೊಂದರ ಕೆಳಗಿನ ಕಪಾಟಿನಲ್ಲಿ. ಮೇಲಿನ ಕಪಾಟಿನಲ್ಲಿ ನನ್ನ ದಾಯಾದಿಗಳಿದ್ದರು. ದಪ್ಪ ಮೈ, ದೊಡ್ಡ ಶಕ್ತಿ, ಅದಕ್ಕೆ ತಕ್ಕ ಜಂಬ. ಬಂದವರೆಲ್ಲ ಅವರನ್ನೇ ಕೇಳುತ್ತಿದ್ದರು.

ಒಂದು ದಿನ ಇಳಕಲ್ಲಿನ ಫೋಟೊಗ್ರಾಫರ್ ರಾಜೇಸಾಬ ಬಂದ. ಜೊತೆಗೆ ಅವನ ಪಕ್ಕದ ಮನೆಯ ಗುರುಬಾಯಿ, ಕೈಮಗ್ಗದಲ್ಲಿ ಸೀರೆ ನೇಯುವವಳು. ಅವಳು ಚೀಲದಿಂದ ದಾಳಿಂಬೆ ಬಣ್ಣದ ಸೀರೆ ತೆಗೆದು ಮೇಜಿನ ಮೇಲೆ ಹರವಿದಾಗ ಅಂಗಡಿಯ ಪ್ರಾಣೇಶನಿಗೆ ನಗು ಬಂತು.

"ಸೀರಿ ಅಂಗಡಿ ಆ ಕಡೆ ಐತ್ರೀ ಅಕ್ಕಾರ."

"ಗೊತ್ತೈತಪಾ. ನಿನ್ನ ದೀಪಕ್ಕ ಇದು ಕಾಣತೈತೇನು, ತೋರಸು" ಎಂದಳು ಗುರುಬಾಯಿ.

ಅವಳು ಬೆರಳಿಟ್ಟದ್ದು ಸೀರೆಯ ಒಡಲಿಗೆ ಸೆರಗು ಸೇರುವ ಸಾಲಿನ ಮೇಲೆ. ಎರಡೂ ಕಡೆಯ ಎಳೆಗಳನ್ನು ಒಂದೊಂದಾಗಿ ಕೈಯಿಂದಲೇ ಕೂಡಿಸಿದ ಸಾಲು ಅದು. ಅದಕ್ಕೆ ಕೊಂಡಿ ಎನ್ನುತ್ತಾರೆ. ಯಂತ್ರದ ಸೀರೆಗೆ ಅದಿರುವುದಿಲ್ಲ. ರಾಜೇಸಾಬನ ಕ್ಯಾಮೆರಾದ ಪುಟ್ಟ ಫ್ಲ್ಯಾಶ್ ಎದುರಿನಿಂದ ಬಡಿದು ಕೊಂಡಿಯನ್ನೇ ಅಳಿಸಿಹಾಕಿತ್ತು. ಪುಣೆಯ ವ್ಯಾಪಾರಿ ಆ ಫೋಟೊ ನೋಡಿ, ಇದು ಮಷೀನಿನ ಸೀರೆ ಎಂದುಬಿಟ್ಟಿದ್ದ. ಇನ್ನೊಂದು ಸಲ ನೋಡಲು ಒಪ್ಪಿದ್ದ, ಅಷ್ಟೇ. ಅದೂ ಕೈಕೊಟ್ಟರೆ ಗುರುಬಾಯಿ ಮಗ್ಗ ಬಿಚ್ಚಿಡಬೇಕಿತ್ತು.

ಪ್ರಾಣೇಶ ದೊಡ್ಡ ದೀಪಗಳನ್ನೆಲ್ಲ ಇಳಿಸಿದ. "ಇದ ತಗೋರಿ ಸಾಬ್ರ, ಇಡೀ ಕಲ್ಯಾಣ ಮಂಟಪ ಬೆಳಗತೈತಿ!"

ಬೆಳಗಿತು ನಿಜ. ಎಷ್ಟು ತಗ್ಗಿಸಿದರೂ ಫೋಟೊದಲ್ಲಿ ಸೀರೆ ಮಾತ್ರ ಬೆಳ್ಳಗೆ ಬೆಪ್ಪಾಗಿ ಬಿತ್ತು. ರಾಜೇಸಾಬ ಒಂದೊಂದನ್ನೂ ಬೇಡವೆಂದು ಸರಿಸಿ, ಕೊನೆಗೆ ಬಗ್ಗಿ ನನ್ನನ್ನು ಎತ್ತಿಕೊಂಡ.

"ಎಷ್ಟು ಜೋರು ಬೆಳಗತೈತಿ ಅಂತ ಹೇಳಬ್ಯಾಡ್ರಿ. ಎಷ್ಟು ಸಣ್ಣಗ ಬೆಳಗತೈತಿ, ಅದನ್ನ ಹೇಳ್ರಿ."

ಅಂಥ ಪ್ರಶ್ನೆ ಕೇಳಿದ ಗಿರಾಕಿಯನ್ನು ನಾನು ಅದೇ ಮೊದಲು ಕಂಡದ್ದು. ಅಲ್ಲೇ ಮನಸೋತೆ. ನನ್ನ ಸಣ್ಣ ಬೆಳಕಿನಲ್ಲಿ ದಾಳಿಂಬೆ ಬಣ್ಣ ದಾಳಿಂಬೆಯಾಗಿಯೇ ಉಳಿಯಿತು. ನನ್ನ ಊರು ಇಳಕಲ್ ಆಯಿತು.

ಅಲ್ಲಿ ಅವನ ಪರದಾಟ ನೋಡಬೇಕಿತ್ತು. ಸೀರೆಯನ್ನು ಗೋಡೆಗೆ ಇಳಿಬಿಟ್ಟು ನನ್ನನ್ನು ಎದುರಿಗಿಟ್ಟ. ಬಣ್ಣ ಬಂತು, ಕೊಂಡಿ ಕಾಣಲಿಲ್ಲ. ಎತ್ತರದಲ್ಲಿಟ್ಟ, ಆಗಲೂ ಇಲ್ಲ. ತಡೆಯಲಾರದೆ ಗುರುಬಾಯಿ ಬಂದು, ಮಗ್ಗದ ಮೇಲೆ ನೋಡುವ ಹಾಗೆಯೇ, ಗೋಡೆಗೆ ಕೆನ್ನೆ ತಾಗಿಸಿ ಸೀರೆಯನ್ನು ಓರೆಯಿಂದ ದಿಟ್ಟಿಸಿದಳು.

"ಇಲ್ಲೇ ಐತಲ್ಲೋ ರಾಜೇಸಾಬ!"

"ಅಲ್ಲೇ ನಿಂದರು ಅಕ್ಕಾ, ಅಳಗಾಡಬ್ಯಾಡ!"

ಅವಳ ಕಣ್ಣಿದ್ದ ಜಾಗಕ್ಕೇ ಅವನು ನನ್ನನ್ನು ತಂದಿಟ್ಟು, ಬೆಳಕನ್ನು ಪೂರ್ತಿ ತಗ್ಗಿಸಿದ. ನಾನು ಮಿಣಕ್ಕೆಂದೆ. ಕ್ಯಾಮೆರಾದ ಪರದೆಯಲ್ಲಿ ಕೊಂಡಿಯ ಒಂದೊಂದು ಹೆಣಿಗೆಯೂ ತನ್ನ ನೆರಳಿನೊಂದಿಗೆ ಎದ್ದು ನಿಂತಿತ್ತು. ಬೇರೆಯವರಾಗಿದ್ದರೆ ನನ್ನನ್ನು ಬೈದು ಮೂಲೆಗೆ ತಳ್ಳುತ್ತಿದ್ದರು. ಇವನು ನೇಯುವವಳ ಕಣ್ಣನ್ನೇ ಎರವಲು ಪಡೆದ.

ಆ ಫೋಟೊ ಪುಣೆಗೆ ಹೋಯಿತು. ಅಲ್ಲಿಂದ ಫೋನು ಬಂದಾಗ ಇಬ್ಬರೂ ಅದಕ್ಕೆ ಕಿವಿಗೊಟ್ಟರು. ವ್ಯಾಪಾರಿ ಹರಕುಮುರುಕು ಕನ್ನಡದಲ್ಲಿ ಕೇಳಿದ್ದು ಒಂದೇ ಮಾತು: "ಇದನ್ನು ನೇಯ್ದವರ ಹೆಸರು ಏನು?"

ಇಷ್ಟು ವರ್ಷಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ರಾಜೇಸಾಬ ಹೇಳಲು ಹೊರಟ. ಗುರುಬಾಯಿ ಫೋನನ್ನು ಕಿತ್ತುಕೊಂಡು ತಾನೇ ಹೇಳಿದಳು, ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಸೇರಿಸಿ. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮುಂದೆ ಸಾವಿರಾರು ಮದುಮಕ್ಕಳನ್ನು ಬೆಳಗಿದೆ. ಈಗ ನನ್ನ ಕೊಳವೆ ಸುಟ್ಟುಹೋಗಿ, ಅಲಮಾರಿಯ ಮೇಲೆ ಕೂತಿದ್ದೇನೆ. ಆ ಮುಖಗಳೆಲ್ಲ ಮರೆತುಹೋಗಿವೆ. ಗೋಡೆಯಾಚೆ ಗುರುಬಾಯಿಯ ಮಗ್ಗ ಇವತ್ತೂ ಬೆಳಗಿನಿಂದ ಸದ್ದು ಮಾಡುತ್ತಿದೆ. ಅದು ನಿಂತ ದಿನ ಬೇಕಾದರೆ ನನ್ನನ್ನು ಗುಜರಿಗೆ ಹಾಕಲಿ.