ಗೋವಿನಜೋಳದ ಬೂದಿ

ಗುದ್ಲೆಪ್ಪನ ಪಾದಗಳು ಸುಟ್ಟು ವಾರವಾಗಿತ್ತು. ಹೆಂಡತಿ ಶಿವಬಸವ್ವ ಆಸ್ಪತ್ರೆಗೆ ಬುತ್ತಿ ಒಯ್ದಳು, ಬಂದಳು, ಮತ್ತೆ ತಡಸ ಊರಿನ ಹತ್ತಿರದ, ಅವನ ಕಾಲು ಸುಟ್ಟ ಅದೇ ಕಾರ್ಖಾನೆಗೆ ಬೂದಿ ಹೊರಲು ಹೋದಳು. ಹೋಗದಿದ್ದರೆ ಹೊಟ್ಟೆ ಕೇಳಬೇಕಲ್ಲ. ದುಃಖವೂ ಇಲ್ಲ, ಸಿಟ್ಟೂ ಇಲ್ಲ. ಜೀವ ಮರಗಟ್ಟಿತ್ತು.

ಅಲ್ಲಿ ಗೋವಿನಜೋಳದ ದಂಟು ಸುಟ್ಟು ಕರೆಂಟು ಮಾಡುತ್ತಾರೆ. ಮಣ್ಣು ಮೆತ್ತಿದ ಅಗ್ಗದ ದಂಟು. ಬಾಯ್ಲರಿನೊಳಗೆ ಅದರ ಬೂದಿ ಕರಗಿ ಕಲ್ಲಾಗುತ್ತದೆ. ಹಾರೆಯಿಂದ ಒಡೆದು, ನೀರು ಹೊಡೆದು, ತಣಿಸಿ ಸುರಿಯಬೇಕು. ಅಷ್ಟು ಪುರಸೊತ್ತು ಮ್ಯಾನೇಜರನಿಗೆಲ್ಲಿ? ಕೆಂಡದ ಗಟ್ಟಿಗಳನ್ನು ಹಾಗೆಯೇ ಹೊರಗಿನ ಬೂದಿಗುಡ್ಡೆಯ ಮೇಲೆ ಸುರಿಸಿದ. ಮೇಲೆ ತಣ್ಣನೆಯ ಬೂದಿ ಮುಚ್ಚಿತು.

ಗುದ್ಲೆಪ್ಪ ಕಣದ ರಾಶಿಯನ್ನು ಎಂದೂ ಚಪ್ಪಲಿಗಾಲಲ್ಲಿ ಮೆಟ್ಟಿದವನಲ್ಲ. ಬೂದಿಯಾದರೂ ಬೆಳೆಯದೇ ಅಲ್ಲವೇ ಎಂದು ಈ ಗುಡ್ಡೆಯ ಬುಡದಲ್ಲೂ ಚಪ್ಪಲಿ ಬಿಡುತ್ತಿದ್ದ. ಅಂದು ಬುಟ್ಟಿ ಹೊತ್ತು ಹತ್ತಿದವನು ಒಳಗಿನ ಕೆಂಡದಲ್ಲಿ ಕುಸಿದುಹೋದ.

ಇವತ್ತು ವಿಚಾರಣೆಗೆ ಸರ್ಕಾರದ ಸಾಹೇಬರು ಬರುವವರಿದ್ದರು. ಮ್ಯಾನೇಜರ್ ಶಿವಬಸವ್ವನನ್ನು ಕರೆದ.

“ತಾನ ಚಪ್ಪಲಿ ಬಿಟ್ಟು ಹತ್ತಿದಾ, ತಪ್ಪು ಅವಂದ ಅಂತ ಹೇಳು. ಇಲ್ಲಂದ್ರ ನಾಳೆಯಿಂದ ಬರಬ್ಯಾಡ.”

“ಹೂಂನ್ರಿ,” ಎಂದಳು. ಒಪ್ಪಿಗೆಯೋ ಅಭ್ಯಾಸವೋ, ಅವಳಿಗೇ ತಿಳಿಯಲಿಲ್ಲ.

ಸಾಹೇಬರು ಮೂಗಿಗೆ ಕರ್ಚೀಫು ಹಿಡಿದು ದೂರವೇ ನಿಂತರು. “ಏನಾತು ಹೇಳವ್ವಾ.”

“ಚಪ್ಪಲಿ ಬಿಟ್ಟಿದ್ದು ಖರೇರಿ.” ಮ್ಯಾನೇಜರನ ಮುಖ ಅರಳಿತು. “ಆದ್ರ ಬೂದಿ ಒಳಗ ಕೆಂಡ ಹುಗಿಸಿದಾವ್ರು ಯಾರು? ಅದನ್ನೂ ಕೇಳ್ರಿ.”

“ಏ, ಸುಮ್ನಿರು!” ಮ್ಯಾನೇಜರ್ ಗದರಿದ.

“ಯಾಕ ಸುಮ್ನಿರಬೇಕು?” ಜೊತೆಗೆ ಬೂದಿ ಹೊರುವ ಇಮಾಮಬಿ ಮುಂದೆ ಬಂದಳು. “ನಾ ಚಪ್ಪಲಿ ಹಾಕ್ಕೊಂಡ ಹತ್ತಿದ್ದೆ. ನೋಡ್ರಿ.” ಚಪ್ಪಲಿಯ ಪ್ಲಾಸ್ಟಿಕ್ ಕರಗಿ ಅಂಟಿದ್ದ ಅವಳ ಹಿಮ್ಮಡಿ ಹಸಿ ಗಾಯವಾಗಿತ್ತು.

“ವಿಚಾರ ಮಾಡ್ತೇವಿ,” ಎಂದು ಸಾಹೇಬರು ಜೀಪು ಹತ್ತಿದರು.

ಜೀಪು ಮರೆಯಾಗುತ್ತಲೇ ಮ್ಯಾನೇಜರ್ ಒದರಿದ: “ನೀವಿಬ್ಬರೂ ಮನೀಗೆ ಹೋಗ್ರಿ. ಉಳಿದಾವ್ರು ಬೂದಿ ಎತ್ರಿ. ಒಳಗ ತುಂಬಿತಂದ್ರ ಬಾಯ್ಲರ್ ನಿಂದರ್ತೈತಿ!”

ಶಿವಬಸವ್ವ ಹೋಗಲಿಲ್ಲ. ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕುಳಿತಳು. ಇಮಾಮಬಿಯೂ ಕುಳಿತಳು. ಉಳಿದ ಹೆಂಗಸರು ಮುಖ ಮುಖ ನೋಡಿಕೊಂಡರು. ಒಬ್ಬೊಬ್ಬರಾಗಿ ಅವರೂ ಕುಳಿತರು.

ಬಾಯ್ಲರಿನ ಎಚ್ಚರಿಕೆಯ ಗಂಟೆ ಹೊಡೆದುಕೊಳ್ಳತೊಡಗಿತು. ಮ್ಯಾನೇಜರ್ ಬೈದ, ಬೇಡಿದ, ಕೊನೆಗೆ ತಾನೇ ಒಂದು ಬುಟ್ಟಿ ಬೂದಿ ತುಂಬಿ ಎತ್ತಿಕೊಂಡು ಬಂದ. ಗುಡ್ಡೆಯ ಬುಡದಲ್ಲಿ ನಿಂತುಬಿಟ್ಟ.

“ಹತ್ರಿ,” ಎಂದಳು ಶಿವಬಸವ್ವ. “ನಿಮ್ಮ ಕಾಲಾಗ ಬೂಟ ಅದಾವಲ್ಲ.”