ಗೆರೆ ಎಳೆದು ಹಾಡುವ ಹೊನ್ನಯ್ಯ

ಹಾಡು ಮುಗಿಸಿದ ಮೇಲೆ ನಮ್ಮ ಚಿಕ್ಕಮಾವ ಹೊನ್ನಯ್ಯನವರು ಯಾರನ್ನೂ ‘ಹೇಗಿತ್ತು’ ಎಂದು ಕೇಳಿದವರಲ್ಲ; ‘ಕಾಣ್ತಾ?’ ಎನ್ನುವರು. ಕಾಣಲಿಲ್ಲವೆಂದರೆ ಮತ್ತೆ ಪಲ್ಲವಿಯಿಂದ ಶುರು. ಒಲೆಯ ಮೇಲೆ ಹಾಲು ಉಕ್ಕಲಿ, ತೊಟ್ಟಿಲಲ್ಲಿ ಮಗು ಚೀರಲಿ, ಕಾಣುವವರೆಗೆ ಬಿಡರು. ಆದ್ದರಿಂದ ಬೆಂಗಳೂರಿನಲ್ಲಿ ಓದಿ ಕೊತ್ತತ್ತಿಯ ಆ ಮನೆಗೆ ಸೊಸೆಯಾಗಿ ಬಂದ ನಾನು, ರಾಗಿಮುದ್ದೆ ತೊಳಸುವುದಕ್ಕೆ ಮೊದಲೇ ‘ಕಂಡಿತು ಮಾವ, ಚೆನ್ನಾಗಿ ಕಂಡಿತು’ ಎಂದು ಸುಳ್ಳಾಡುವುದನ್ನು ಕಲಿತೆ.

ಅವರ ನಡಿಗೆಯೇ ಒಂದು ಕಾಟ. ಗದ್ದೆಯ ಬದುವಿನ ಮೇಲೆ ಹೋಗುತ್ತಿದ್ದವರು ಏನನ್ನೋ ಕಂಡು, ಎತ್ತಿದ ಕಾಲನ್ನು ಊರದೆ, ಥೇಟ್ ಬೆಳ್ಳಕ್ಕಿಯಂತೆ ನಿಂತುಬಿಡುವರು. ಹಿಂದಿನವರು ಕೆಸರಿಗಿಳಿದೇ ಮುಂದೆ ಹೋಗಬೇಕು. ಯಾವುದೋ ಸನ್ಮಾನದಲ್ಲಿ ಬಂದ ಕರಿಯ ಉಣ್ಣೆಯ ಕೋಟನ್ನು ವೈಶಾಖದ ಬಿಸಿಲಿನಲ್ಲೂ ಕಳಚದ ಹಠ. ಅದರ ಜೇಬುಗಳಲ್ಲಿ ಬಸವನಹುಳುವಿನ ಚಿಪ್ಪು, ಮಿಂಚುಳ್ಳಿಯ ಗರಿ, ಭತ್ತದ ತೆನೆ, ಸದಾ ಒಂದು ಇದ್ದಿಲ ತುಂಡು. ಕೃತಿ ರಚಿಸುವ ಅವರ ಕ್ರಮವಂತೂ ಲೋಕವಿಲಕ್ಷಣ: ಮೊದಲು ಕಂಡದ್ದರ ಗೆರೆ, ಗೆರೆಯಿಂದ ಸ್ವರ, ಕಟ್ಟಕಡೆಗೆ ಸಾಹಿತ್ಯ. ಗೆರೆಗೆ ಬೇಕಾದದ್ದು ಗೋಡೆ. ಅದೂ ನಾನು ಹಬ್ಬಕ್ಕೆಂದು ಆಗತಾನೆ ಸುಣ್ಣ ಬಳಿಸಿದ ಗೋಡೆ.

ಮದ್ದೂರಿನ ವಿದ್ವಾಂಸರೊಬ್ಬರು ಅವರ ಬೆಳ್ಳಕ್ಕಿಯ ಕೃತಿ ಕೇಳಿ, ‘ಎಲ್ಲ ಸರಿ, ದೇವರ ಹೆಸರೇ ಇಲ್ಲವಲ್ಲ ಹೊನ್ನಯ್ಯ?’ ಎಂದರಂತೆ.

‘ಬೆಳ್ಳಕ್ಕಿ ರೆಕ್ಕೆ ಮ್ಯಾಲೆ ಬರ್ಕೊಂಡು ಬಂದಿರ್ನಿಲ್ಲ, ಸ್ವಾಮಿ.’

ಇಷ್ಟನ್ನು ನಕ್ಕು ಸಹಿಸಬಹುದು. ಸಹಿಸಲಾಗದ್ದು ಯುದ್ಧಕಾಲದ ಆ ಒಂದು ದಿನ. ನಾಲೆ ಬಂದು ಗದ್ದೆಗಳು ಹಸಿರಾದ ಮೇಲೆ ನಮ್ಮ ಕಡೆ ಚಳಿಜ್ವರವೂ ಮನೆಮನೆಯ ನೆಂಟನಾಗಿತ್ತು. ಅದರ ಮದ್ದು ಕ್ವಿನೈನು ಮಾತ್ರ ಯುದ್ಧಕ್ಕೆ ಹೋಗಿತ್ತು. ನನ್ನ ಮಗಳು ವಿಮಲ, ಆಗಷ್ಟೇ ತೊದಲುತ್ತಿದ್ದ ಕೂಸು, ಕಂಬಳಿಯೊಳಗೆ ಹಲ್ಲು ಕಟಕಟಿಸುತ್ತ ಮಲಗಿದ್ದಳು. ಮಂಡ್ಯದ ಡಾಕ್ಟರ ಬಳಿ ಎರಡೇ ಪೊಟ್ಟಣ ಪುಡಿ ಉಳಿದಿದೆಯೆಂದು ಸುದ್ದಿ ಬಂತು. ಯಜಮಾನರು ಊರಲ್ಲಿರಲಿಲ್ಲ. ಬೇರೆ ಗತಿಯಿಲ್ಲದೆ ಚಿಕ್ಕಮಾವನನ್ನು ಕಳಿಸಿದೆ.

ಮಧ್ಯಾಹ್ನಕ್ಕೆ ಬರಬೇಕಾದವರು ಹೊತ್ತು ಇಳಿದ ಮೇಲೆ, ಎದೆಯವರೆಗೆ ನೆನೆದು, ಮುಖವೆಲ್ಲ ಬೆಳಕಾಗಿ ಬಂದರು.

‘ನಾಲೆಗೆ ನೀರು ಬುಟ್ರು ಕಣವ್ವ! ಒಣಗಿದ್ ನಾಲೇಲಿ ಮೊದಲ್ನೇ ನೀರು ಬರದ ಯಾವತ್ತಾರ ನೋಡಿದ್ದೀಯಾ? ಇಳಿದ್ಬುಟ್ಟೆ, ತಡೆಯಕಾಗ್ನಿಲ್ಲ!’

‘ಪುಡಿ ಎಲ್ಲಿ ಮಾವ?’

ಕೋಟಿನ ಜೇಬಿಗೆ ಕೈಹಾಕಿದರು. ಚಿಪ್ಪುಗಳ ಜೊತೆ ಬಂದದ್ದು ಪುಡಿಯೆಲ್ಲ ಕರಗಿಹೋದ ಒಂದಿಷ್ಟು ಕಾಗದದ ಮುದ್ದೆ.

ನಾನು ಏನೆಂದು ಕೂಗಿದೆನೋ ತಿಳಿಯದು. ಅದೃಷ್ಟಕ್ಕೆ ಹಿತ್ತಿಲಲ್ಲಿ ಕಬ್ಬಿನ ಗಾಣ ರಿಪೇರಿ ಮಾಡುತ್ತಿದ್ದ ಮಂಡ್ಯದ ಅಫ್ಸರ್ ಪಾಷಾ ಓಡಿಬಂದು, ವಿಷಯ ತಿಳಿದವನೇ ಸೈಕಲ್ ಹತ್ತಿದ. ಡಾಕ್ಟರ ಬಳಿ ಉಳಿದ ಆ ಇನ್ನೊಂದು ಪೊಟ್ಟಣ ಬೇರೆಯವರ ಪಾಲಾಗಿರದಿದ್ದರೆ ನನ್ನ ಪುಣ್ಯ.

ದೀಪ ಹಚ್ಚಿ ಕೋಣೆಗೆ ಬಂದು ನೋಡುತ್ತೇನೆ: ಚಿಕ್ಕಮಾವ ಒದ್ದೆ ಕೋಟಿನಲ್ಲೇ ಮಗುವಿನ ಪಕ್ಕ ಕುಳಿತು, ಎಡಗೈಯಲ್ಲಿ ಅವಳ ಪಾದ ಹಿಡಿದು, ಬಲಗೈಯ ಇದ್ದಿಲಿನಿಂದ ಗೋಡೆಯ ಮೇಲೆ ಗೆರೆ ಎಳೆಯುತ್ತಿದ್ದಾರೆ. ಮಗು ನಡುಗಿದಂತೆಲ್ಲ ಗೆರೆಯೂ ನಡುಗುತ್ತಿದೆ.

‘ನನ್ನ ಮಗಳ ಚಳಿ ನಿಮಗೆ ಗಮಕವೇ ಮಾವ?’

ನನ್ನ ಅತ್ತೆ ದೇವಿರಮ್ಮ ಬಾಗಿಲಿಂದಲೇ ಗುಡುಗಿದರು: ‘ಲೋ ಹೊನ್ನ, ಆ ಇದ್ಲ ಒಲೆಗಾಕು! ಇಲ್ದಿದ್ರೆ ಅದ್ರಲ್ಲೇ ನಿನ್ನ ಮೂತಿ ಸುಡ್ತೀನಿ!’

ಅವರು ತಲೆ ಎತ್ತಲಿಲ್ಲ. ‘ಬರೀ ಕಣ್ಣಲ್ಲಿ ನೋಡಕಾಯ್ತಿಲ್ಲ ಅತ್ಗೆ. ಗೆರೆ ಎಳೀತಿದ್ರೆ ನೋಡ್ಬೋದು.’

ಅಷ್ಟರಲ್ಲಿ ಅಂಗಳದಲ್ಲಿ ಸೈಕಲ್ ಬಿದ್ದ ಸದ್ದು. ಅಫ್ಸರ್ ಪಾಷಾ ಟೋಪಿ ತೆಗೆದು ಅದರೊಳಗಿಂದ ಪೊಟ್ಟಣ ಕೊಟ್ಟ. ‘ತಲೆ ಮ್ಯಾಲೆ ಇಟ್ಕಂಡು ತಂದೆ ಅಮ್ಮಾ. ಅಯ್ನೋರಂಗೆ ನಾನೂ ನಾಲೇಗಿಳಿದ್ರೂ ನೆನೀಬಾರ್ದು ನೋಡಿ!’

ಮಗು ಉಳಿಯಿತು. ಮರುವರ್ಷದ ರಾಮನವಮಿಗೆ ಮಂಡ್ಯದಲ್ಲಿ ಚಿಕ್ಕಮಾವನ ಹೊಸ ಕೃತಿ. ತೋಡಿ ರಾಗ, ಸಾಹಿತ್ಯವೆಲ್ಲ ನಾಲೆಯ ನೀರು. ಗಾಂಧಾರ ಕಂಪಿಸುತ್ತ ಕಂಪಿಸುತ್ತ ನಿಲ್ಲಲಾರದೆ ನಿಂತಾಗ ಪಕ್ಕದಾಕೆ, ‘ಅಲೆ ಎಷ್ಟು ಚೆನ್ನಾಗಿ ಕಣ್ಣಿಗೆ ಕಟ್ಟುತ್ತೆ ಅಲ್ವಾ?’ ಎಂದರು. ಅದು ಅಲೆಯಲ್ಲವೆಂದು ಆ ಸಭೆಯಲ್ಲಿ ನನಗೊಬ್ಬಳಿಗೇ ಗೊತ್ತು. ನನ್ನ ಕೈ ತಾನಾಗಿಯೇ ತೊಡೆಯ ಮೇಲೆ ನಿದ್ದೆಹೋಗಿದ್ದ ವಿಮಲಳ ಹಣೆಗೆ ಹೋಯಿತು. ತಣ್ಣಗಿತ್ತು. ಆದರೂ ಮಂಗಳ ಹಾಡುವವರೆಗೆ ಆ ಕೈಯನ್ನು ತೆಗೆಯಲಾಗಲಿಲ್ಲ.

ಇಂಥ ಜನ ಕಲ್ಲೆದೆಯವರೆಂದು ಬಹಳ ಕಾಲ ನಂಬಿದ್ದೆ. ಈಗ ಅನ್ನಿಸುತ್ತದೆ, ಲೋಕವನ್ನು ನೇರವಾಗಿ ನೋಡುವ ಎದೆಗಾರಿಕೆಯೇ ಅವರಿಗಿಲ್ಲ. ನಡುವೆ ಒಂದು ಗೆರೆಯೋ ಒಂದು ಸ್ವರವೋ ಬೇಕು. ಅವರೊಡನೆ ಬಾಳುವ ನಮ್ಮಂಥವರಿಗೆ ಆ ಆಸರೆಯಿಲ್ಲ, ನಾವು ಮಗುವಿನ ಮುಖವನ್ನೇ ನೋಡುತ್ತ ಕೂರಬೇಕು. ಅವರನ್ನು ಗೌರವಿಸೋಣ, ಶಾಲು ಹೊದಿಸೋಣ, ಕಣ್ಣೊರೆಸಿಕೊಂಡು ಕೇಳೋಣ. ಔಷಧಿ ತರಲು ಮಾತ್ರ ಬೇರೆ ಯಾರನ್ನಾದರೂ ಕಳಿಸೋಣ.